ಗುಡ್ಡದ ಮೇಲಿನ ಹಸಿರು: ರಷ್ಯನ್ ಹಿಲ್ ಬಡಾವಣೆಯ ಉದ್ಯಾನಗಳಲ್ಲಿ ಒಂದು ಸುತ್ತು

ತಾಯ್ನಾಡಿನಿಂದ ಬಂದ ಬಂಧುಮಿತ್ರರಿಗೆ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ತೋರಿಸುವ ವಿಧಿ ನಮ್ಮವರಲ್ಲಿ ಹೆಚ್ಚುಕಡಿಮೆ ನಿಶ್ಚಿತವಾಗಿಬಿಟ್ಟಿದೆ. ಬೆಳಿಗ್ಗೆ ಚಿತ್ರಾನ್ನ, ಮೊಸರನ್ನಗಳ ಡಬ್ಬಿಯೊಡನೆ ಕಾರಿನಲ್ಲಿ ಹೊರಡುವುದು. ಗೋಲ್ಡನ್ ಗೇಟ್ ಸೇತುವೆಯ ಮುಂದೆ ಗಾಳಿಗೆ ಸೆರಗು ಹಿಡಿದುಕೊಂಡು ಛಾಯಾಚಿತ್ರ ತೆಗೆಸಿಕೊಳ್ಳುವುದು. ಲೊಂಬಾರ್ಡ್ ರಸ್ತೆಯ ಅಂಕುಡೊಂಕಿನಲ್ಲಿ ಕಾರನ್ನು ಇಳಿಸುವುದು. ಸಂಜೆಯೊಳಗೆ ದಕ್ಷಿಣದ ಉಪನಗರದ ಮನೆಗೆ ಮರಳುವುದು. ಈ ವಿಧಿಯಲ್ಲಿ ತಪ್ಪೇನೂ ಇಲ್ಲ. ಆದರೆ ಈ ಊರನ್ನು ಕಾರಿನ ಕಿಟಕಿಯಿಂದ ನೋಡುವುದಕ್ಕೂ ಕಾಲಿನಿಂದ ನೋಡುವುದಕ್ಕೂ ಇರುವ ಅಂತರ ಬಹಳ ದೊಡ್ಡದು. ಇಪ್ಪತ್ತು ವರ್ಷಗಳಿಂದ ಇಲ್ಲಿನ ರಷ್ಯನ್ ಹಿಲ್ ಎಂಬ ಗುಡ್ಡದ ಮಗ್ಗುಲಲ್ಲಿ ಬಾಡಿಗೆಯ ಮನೆಯೊಂದರಲ್ಲಿ ವಾಸವಾಗಿರುವ ನನಗೆ, ಲೊಂಬಾರ್ಡ್ ರಸ್ತೆಯ ತಿರುವುಗಳನ್ನು ಮುಗಿಸಿ ಅವಸರದಿಂದ ಹೊರಟುಹೋಗುವ ಕಾರುಗಳನ್ನು ಕಂಡಾಗಲೆಲ್ಲ, ಅವರು ಇನ್ನೊಂದು ಅರ್ಧ ಫರ್ಲಾಂಗು ನಡೆದಿದ್ದರೆ ಏನೇನು ಕಾಣುತ್ತಿತ್ತಲ್ಲವೇ ಎನಿಸುತ್ತದೆ. ಆ ಅರ್ಧ ಫರ್ಲಾಂಗಿನ ಆಚೆ ಇರುವುದನ್ನು ಈ ಸಂಚಿಕೆಯ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಚೌಕದ ನಕ್ಷೆ, ಗುಡ್ಡದ ನೆಲ

ಸ್ಯಾನ್ ಫ್ರಾನ್ಸಿಸ್ಕೋ ನಗರ ಮೂರು ಕಡೆ ನೀರಿನಿಂದ ಸುತ್ತುವರಿದ, ಸುಮಾರು ಏಳು ಮೈಲಿ ಉದ್ದ ಏಳು ಮೈಲಿ ಅಗಲದ ಭೂಭಾಗ. ಅಷ್ಟರೊಳಗೇ ನಲವತ್ತಕ್ಕೂ ಹೆಚ್ಚು ಗುಡ್ಡಗಳು. ಇಂಥ ನೆಲದ ಮೇಲೆ ಊರು ಕಟ್ಟಿದವರು ಗುಡ್ಡದ ಮೈಯನ್ನು ಅನುಸರಿಸಿ ಬಳಸುದಾರಿಗಳನ್ನು ಮಾಡಬಹುದಿತ್ತು. ನಮ್ಮ ಮಡಿಕೇರಿಯಲ್ಲಿ, ಮಲೆನಾಡಿನ ಪೇಟೆಗಳಲ್ಲಿ ರಸ್ತೆಗಳು ಸಾಗುವುದು ಹಾಗೆಯೇ ಅಲ್ಲವೇ? ಆದರೆ 1847ರಲ್ಲಿ ಜಾಸ್ಪರ್ ಓಫಾರೆಲ್ ಎಂಬ ಮೋಜಣಿದಾರನು ಮಾಡಿದ ಅಳತೆಯಲ್ಲಿ, ಅದಕ್ಕೂ ಹಿಂದಿನ ಪುಟ್ಟ ನಕ್ಷೆಯ ಚೌಕಗಳನ್ನೇ ವಿಸ್ತರಿಸಿ, ಚದುರಂಗದ ಹಾಸಿನಂತೆ ನೇರ ಗೆರೆಗಳನ್ನು ಎಳೆಯಲಾಯಿತು. ಮರುವರ್ಷವೇ ಚಿನ್ನದ ಸುದ್ದಿ ಹಬ್ಬಿ ಜನಪ್ರವಾಹ ಹರಿದುಬಂದಿತು. ನಿವೇಶನಗಳು ಮಾರಾಟವಾದವು. ಗೆರೆಗಳು ಗುಡ್ಡವನ್ನು ನೋಡದೆಯೇ ಗುಡ್ಡವನ್ನು ಹತ್ತಿ ಇಳಿದವು.

ಇದರ ಪರಿಣಾಮ ಎರಡು ಬಗೆಯದು. ಮೊದಲನೆಯದಾಗಿ, ಕುದುರೆಗಳು ಗಾಡಿಯನ್ನು ಎಳೆಯಲಾರದಷ್ಟು ಕಡಿದಾದ ರಸ್ತೆಗಳು ಹುಟ್ಟಿದವು. ಹೈಡ್ ಮತ್ತು ಲೆವನ್‌ವರ್ತ್ ರಸ್ತೆಗಳ ನಡುವೆ ಫಿಲ್ಬರ್ಟ್ ರಸ್ತೆಯ ಇಳಿಜಾರು ನೂರಕ್ಕೆ 31.5ರಷ್ಟಿದೆ, ಅಂದರೆ ನೂರು ಅಡಿ ಮುಂದೆ ಸಾಗುವಷ್ಟರಲ್ಲಿ ಮೂವತ್ತೊಂದೂವರೆ ಅಡಿ ಕೆಳಗಿಳಿದಿರುತ್ತೇವೆ. 1873ರಲ್ಲಿ ಆಂಡ್ರ್ಯೂ ಹ್ಯಾಲಿಡಿ ಎಂಬಾತ ಕ್ಲೇ ರಸ್ತೆಯಲ್ಲಿ ನೆಲದಡಿಯ ಉಕ್ಕಿನ ಹಗ್ಗದಿಂದ ಎಳೆಯಲ್ಪಡುವ ಕೇಬಲ್ ಕಾರನ್ನು ಓಡಿಸಿ ತೋರಿಸಿದ ಮೇಲಷ್ಟೇ ಈ ಗುಡ್ಡಗಳ ನೆತ್ತಿ ವಾಸಯೋಗ್ಯವಾಯಿತು. ಎರಡನೆಯದಾಗಿ, ನಕ್ಷೆಯಲ್ಲಿ ರಸ್ತೆಯೆಂದು ಹೆಸರಿದ್ದರೂ ನೆಲದಲ್ಲಿ ರಸ್ತೆಯಾಗಲು ಸಾಧ್ಯವೇ ಆಗದ ತುಂಡುಗಳು ಅಲ್ಲಲ್ಲಿ ಉಳಿದವು. ಅವು ಯಾರ ನಿವೇಶನವೂ ಅಲ್ಲ, ವಾಹನಗಳ ಹಾದಿಯೂ ಅಲ್ಲ. ಅಲ್ಲಿ ಮೆಟ್ಟಿಲುಗಳು ಬಂದವು. ಮೆಟ್ಟಿಲುಗಳ ಇಕ್ಕೆಲಗಳಲ್ಲಿ ಗಿಡಗಳು ಬಂದವು. ಈ ಬಡಾವಣೆಯ ಹಸಿರಿನಲ್ಲಿ ಹೆಚ್ಚಿನ ಪಾಲು ಹೀಗೆ ನಕ್ಷೆಯೂ ನೆಲವೂ ಒಪ್ಪಂದಕ್ಕೆ ಬಾರದ ಎಡೆಗಳಲ್ಲಿ ಬೆಳೆದದ್ದು.

ರಷ್ಯನ್ ಹಿಲ್ ಎಂಬ ಹೆಸರಿನ ಮೂಲವನ್ನೂ ಹೇಳಿಬಿಡುತ್ತೇನೆ. ಚಿನ್ನದ ಬೇಟೆಯ ದಿನಗಳಲ್ಲಿ ಬಂದ ವಲಸಿಗರಿಗೆ ಗುಡ್ಡದ ನೆತ್ತಿಯಲ್ಲಿ ರಷ್ಯನ್ ಲಿಪಿಯ ಗುರುತುಗಳಿದ್ದ ಕೆಲವು ಗೋರಿಗಳು ಕಂಡವಂತೆ. ತುಪ್ಪುಳದ ವ್ಯಾಪಾರಕ್ಕಾಗಿ ಉತ್ತರದಿಂದ ಬಂದು ಇಲ್ಲಿಯೇ ಅಸುನೀಗಿದ ರಷ್ಯನ್ ನಾವಿಕರವು ಅವು ಎಂಬುದು ಪರಂಪರೆಯ ಮಾತು. ಗೋರಿಗಳು ಈಗಿಲ್ಲ. ದೂರದೇಶದಲ್ಲಿ ಮಣ್ಣಾದ, ಹೆಸರು ತಿಳಿಯದ ಕೆಲವರ ನೆನಪು ಒಂದು ಬಡಾವಣೆಯ ಹೆಸರಾಗಿ ಉಳಿದಿದೆ. ವಲಸೆ ಬಂದ ನಮ್ಮಂಥವರಿಗೆ ಇದು ಯೋಚಿಸತಕ್ಕ ಸಂಗತಿ.

ಕವಿಯ ಹೆಸರಿನ ಮೆಟ್ಟಿಲುತೋಟ

ನಮ್ಮ ಸುತ್ತನ್ನು ಗುಡ್ಡದ ಪೂರ್ವದ ಮಗ್ಗುಲಿನಿಂದ ಆರಂಭಿಸೋಣ. ವಲೇಹೋ ರಸ್ತೆಯು ಮೇಸನ್ ರಸ್ತೆಯನ್ನು ದಾಟಿದೊಡನೆ ವಾಹನಗಳಿಗೆ ಕೈಮುಗಿದು ಮೆಟ್ಟಿಲಾಗಿ ಮಾರ್ಪಡುತ್ತದೆ. ಮೆಟ್ಟಿಲುಗಳು ಟೇಲರ್ ರಸ್ತೆಯನ್ನು ಮುಟ್ಟುವವರೆಗೆ ಗುಡ್ಡದ ಓರೆಗೆ ಅಂಟಿಕೊಂಡಿರುವ ಪುಟ್ಟ ಉದ್ಯಾನವೇ ಐನಾ ಕೂಲ್‌ಬ್ರಿತ್ ಪಾರ್ಕ್. ಇದರಲ್ಲಿ ಆಟದ ಬಯಲಿಲ್ಲ, ಕಾರಂಜಿಯಿಲ್ಲ. ತಿರುವು ತಿರುವಿಗೆ ಹಾಕಿದ ಬೆಂಚುಗಳು, ಮರಗಳು, ಪೊದೆಗಳು, ಅಷ್ಟೇ. ಆದರೆ ಯಾವ ಬೆಂಚಿನಲ್ಲಿ ಕುಳಿತು ಹಿಂದಿರುಗಿ ನೋಡಿದರೂ ಎದುರಿಗೆ ಟೆಲಿಗ್ರಾಫ್ ಹಿಲ್ಲಿನ ಕೋಯ್ಟ್ ಗೋಪುರ, ಬಲಕ್ಕೆ ಪೇಟೆಯ ಗಗನಚುಂಬಿಗಳು, ಅವುಗಳ ಆಚೆ ಕೊಲ್ಲಿಯನ್ನು ದಾಟಿ ಓಕ್‌ಲ್ಯಾಂಡಿನತ್ತ ಚಾಚಿದ ಸೇತುವೆ.

ಐನಾ ಕೂಲ್‌ಬ್ರಿತ್ 1841ರಲ್ಲಿ ಇಲಿನಾಯ್ ರಾಜ್ಯದ ನಾವೂ ಎಂಬಲ್ಲಿ ಹುಟ್ಟಿದವಳು. ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನ ತಮ್ಮನ ಮಗಳು. ಬಾಲ್ಯದಲ್ಲಿಯೇ ಎತ್ತಿನ ಬಂಡಿಗಳ ಸಾಲಿನೊಡನೆ ಪರ್ವತಗಳನ್ನು ದಾಟಿ ಕ್ಯಾಲಿಫೋರ್ನಿಯಾಕ್ಕೆ ಬಂದಳು. ಓಕ್‌ಲ್ಯಾಂಡಿನ ಗ್ರಂಥಾಲಯದಲ್ಲಿ ಅನೇಕ ವರ್ಷ ಗ್ರಂಥಪಾಲಕಿಯಾಗಿದ್ದಾಗ, ಪುಸ್ತಕ ಕೇಳಿಕೊಂಡು ಬರುತ್ತಿದ್ದ ಬಡಹುಡುಗನೊಬ್ಬನಿಗೆ ಓದಿನ ದಾರಿ ತೋರಿಸಿದಳು. ಆ ಹುಡುಗನೇ ಮುಂದೆ ಜಾಕ್ ಲಂಡನ್ ಎಂದು ಲೋಕಪ್ರಸಿದ್ಧನಾದವನು. 1906ರ ಏಪ್ರಿಲ್ 18ರ ಭೂಕಂಪದ ಬೆನ್ನಿಗೇ ಹುಟ್ಟಿದ ಬೆಂಕಿ ಸುಮಾರು ಮೂರು ದಿನ ಉರಿದಾಗ, ಈ ಗುಡ್ಡದ ಮೇಲಿದ್ದ ಆಕೆಯ ಮನೆ ಸುಟ್ಟುಹೋಯಿತು. ಮನೆಯೊಡನೆ ಪುಸ್ತಕಗಳೂ, ಕ್ಯಾಲಿಫೋರ್ನಿಯಾದ ಸಾಹಿತ್ಯವನ್ನು ಕುರಿತು ಆಕೆ ಬರೆಯುತ್ತಿದ್ದ ಗ್ರಂಥದ ಹಸ್ತಪ್ರತಿಯೂ ಬೂದಿಯಾದವು. 1915ರಲ್ಲಿ ಕ್ಯಾಲಿಫೋರ್ನಿಯಾ ಆಕೆಯನ್ನು ತನ್ನ ಆಸ್ಥಾನಕವಿಯೆಂದು ಗೌರವಿಸಿತು. ಅಮೆರಿಕಾದ ಯಾವುದೇ ರಾಜ್ಯ ಆ ಪದವಿಯನ್ನು ಕೊಟ್ಟದ್ದು ಅದೇ ಮೊದಲು. 1928ರಲ್ಲಿ ಆಕೆ ತೀರಿಕೊಂಡಳು.

ಗುಡ್ಡ ಮತ್ತು ಕವಿಯ ಸಂಬಂಧ ಕನ್ನಡಿಗರಿಗೆ ವಿವರಿಸಿ ಹೇಳಬೇಕಾದದ್ದೇನಲ್ಲ. ಕುಪ್ಪಳಿಯ ಕವಿಶೈಲವನ್ನು ಹತ್ತಿ, ಅದರ ನೆತ್ತಿಯ ಬಂಡೆಗಳ ಮೇಲೆ ಕುಳಿತು ಸೂರ್ಯಾಸ್ತವನ್ನು ನೋಡಿದವರಿಗೆ ಅದು ಗೊತ್ತು. ಅಲ್ಲಿ ಕಾಡಿನ ಮೌನ, ಇಲ್ಲಿ ಪಟ್ಟಣದ ಗದ್ದಲ. ಎರಡಕ್ಕೂ ಹೋಲಿಕೆ ಕಡಿಮೆಯೇ. ಆದರೂ ಸತ್ತ ಕವಿಯ ನೆನಪಿಗೆ ಪ್ರತಿಮೆಗಿಂತ ಕುಳಿತುಕೊಳ್ಳಲು ಒಂದು ಎತ್ತರದ ಜಾಗ ಒಪ್ಪುತ್ತದೆಂಬ ತಿಳಿವಳಿಕೆ ಎರಡು ಕಡೆಯೂ ಒಂದೇ.

ಓಣಿ, ತಿರುವು, ಮರದ ನೆರಳು

ಟೇಲರ್ ರಸ್ತೆಯನ್ನು ದಾಟಿ ಮೇಲೇರಿದರೆ ವಲೇಹೋ ರಸ್ತೆಯ ಶಿಖರ. ಇಲ್ಲಿನ ಕಟಾಂಜನದ ಮೆಟ್ಟಿಲುಗಳನ್ನೂ ಇಳಿಜಾರು ದಾರಿಗಳನ್ನೂ ವಿಲ್ಲಿಸ್ ಪೋಕ್ ಎಂಬ ವಾಸ್ತುಶಿಲ್ಪಿ 1914ರ ಸುಮಾರಿಗೆ ರೂಪಿಸಿದನು. ಸುತ್ತಮುತ್ತಲ ಕೆಲವೇ ಮನೆಗಳು 1906ರ ಬೆಂಕಿಯಿಂದ ಪಾರಾದಂಥವು. ಗುಡ್ಡದ ಉಳಿದ ಭಾಗವೆಲ್ಲ ಸುಟ್ಟು, ಪಶ್ಚಿಮದ ವ್ಯಾನ್ ನೆಸ್ ಹೆದ್ದಾರಿಯ ಬಳಿ ಕಟ್ಟಡಗಳನ್ನು ಸಿಡಿಮದ್ದಿನಿಂದ ಉರುಳಿಸಿ ಬೆಂಕಿಯನ್ನು ತಡೆಯಬೇಕಾಯಿತು.

ಅಲ್ಲಿಂದ ಟೇಲರ್ ರಸ್ತೆಗೆ ಮರಳಿ ಉತ್ತರಕ್ಕೆ ನಡೆದರೆ, ಎಡಗಡೆ ಮರದ ಮೆಟ್ಟಿಲುಗಳು ಪೊದೆಗಳ ಒಳಗೆ ಮಾಯವಾಗುವುದು ಕಾಣುತ್ತದೆ. ಇದು ಮ್ಯಾಕಾಂಡ್ರೇ ಓಣಿ. ಗ್ರೀನ್ ಮತ್ತು ಯೂನಿಯನ್ ರಸ್ತೆಗಳ ನಡುವೆ ಲೆವನ್‌ವರ್ತ್ ರಸ್ತೆಯವರೆಗೆ ಸಾಗುವ ಈ ದಾರಿಯಲ್ಲಿ ಪೂರ್ವದ ತುದಿಯ ಭಾಗಕ್ಕೆ ಗಾಲಿಯ ಸದ್ದಿಲ್ಲ. ಕಲ್ಲು ಹಾಸಿದ ಹಾದಿ, ಹಾವಸೆ ಹಿಡಿದ ಗೋಡೆ, ಜರೀಗಿಡ, ಫ್ಯೂಷಿಯಾ ಹೂಗಳ ತೂಗುಗೊಂಚಲು, ಮನೆಗಳ ಕಿಟಕಿಗಳಿಂದ ಹಾದಿಯನ್ನು ನಿರುಕಿಸುವ ಬೆಕ್ಕುಗಳು. ಆರ್ಮಿಸ್ಟೆಡ್ ಮಾಪಿನ್ 1978ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ 'ಟೇಲ್ಸ್ ಆಫ್ ದ ಸಿಟಿ' ಕಾದಂಬರಿಯ ಬಾರ್ಬರಿ ಓಣಿಗೆ ಇದೇ ಮೂಲ. ಇಲ್ಲಿ ಹೂವು ಕೀಳಬಾರದು, ಗಟ್ಟಿಯಾಗಿ ಮಾತನಾಡಬಾರದು. ಎರಡೂ ಕಡೆ ಸಂಸಾರಗಳಿವೆ.

ಮುಂದೆ ಲೊಂಬಾರ್ಡ್ ರಸ್ತೆ. ಹೈಡ್ ಮತ್ತು ಲೆವನ್‌ವರ್ತ್ ನಡುವಿನ ಆ ಸುಪ್ರಸಿದ್ಧ ತುಂಡು ಹುಟ್ಟಿದ್ದು ವಿನೋದಕ್ಕಲ್ಲ. ನೂರಕ್ಕೆ 27ರಷ್ಟಿದ್ದ ಇಳಿಜಾರನ್ನು ಆ ಕಾಲದ ಮೋಟಾರು ಗಾಡಿಗಳು ಏರಲಾರದೆ ಹೋದುದರಿಂದ, 1922ರಲ್ಲಿ ಎಂಟು ತಿರುವುಗಳನ್ನು ಕೂಡಿಸಿ ಇಟ್ಟಿಗೆಯ ಹಾದಿ ಮಾಡಿದರು. ತಿರುವಿನ ಮಡಿಲುಗಳಲ್ಲಿ ನಿವಾಸಿಗಳು ಹೈಡ್ರೇಂಜಿಯಾ ಗಿಡಗಳನ್ನು ನೆಟ್ಟರು. ಬೇಸಿಗೆಯಲ್ಲಿ ಗುಲಾಬಿ, ನೀಲಿ, ಬಿಳಿಯ ಹೂಚೆಂಡುಗಳು ಅರಳಿದಾಗ ಅದು ಒಂದು ಉದ್ಯಾನವೇ ಸರಿ. ಗಂಟೆಗೆ ಐದು ಮೈಲಿಯ ವೇಗದಲ್ಲಿ ಇಳಿಯುವ ಕಾರುಗಳಿಗಿಂತ ಪಕ್ಕದ ಮೆಟ್ಟಿಲಿನಲ್ಲಿ ನಡೆಯುವವರಿಗೇ ಹೂವು ಚೆನ್ನಾಗಿ ಕಾಣುತ್ತದೆ. ಘಟ್ಟದ ರಸ್ತೆಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಬೆಳೆದ ನಮ್ಮವರಿಗೆ ಎಂಟು ತಿರುವು ಒಂದು ಲೆಕ್ಕವೇ ಎಂದು ನನ್ನ ಚಿಕ್ಕಪ್ಪ ಇಲ್ಲಿಗೆ ಬಂದಾಗ ನಕ್ಕಿದ್ದರು. ಆಗುಂಬೆಯನ್ನು ನೋಡಿದ ಕಣ್ಣು ಅಷ್ಟು ಸುಲಭವಾಗಿ ಸೋಲುವುದಿಲ್ಲ!

ಅಲ್ಲಿಂದ ಕೂಗಳತೆಯ ದೂರದಲ್ಲಿ, ಲೆವನ್‌ವರ್ತ್ ಮತ್ತು ಚೆಸ್ಟ್‌ನಟ್ ರಸ್ತೆಗಳ ಮೂಲೆಯಲ್ಲಿರುವ ಫೇ ಪಾರ್ಕಿಗೆ ಹೋಗುವವರು ಕಡಿಮೆ. ಕ್ಯಾಲಿಫೋರ್ನಿಯಾದ ಮನೆತೋಟಗಳ ರೂಪವನ್ನೇ ಬದಲಿಸಿದ ಥಾಮಸ್ ಚರ್ಚ್ ಎಂಬ ಉದ್ಯಾನಶಿಲ್ಪಿ 1957ರಲ್ಲಿ ಒಂದು ಕುಟುಂಬಕ್ಕಾಗಿ ರೂಪಿಸಿದ ತೋಟವಿದು. ಮನೆಯ ಒಡತಿ ಇದನ್ನು ಊರಿಗೆ ಬಿಟ್ಟುಕೊಟ್ಟುದರಿಂದ 2006ರಲ್ಲಿ ಇದರ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ಓರೆ ನೆಲವನ್ನು ಹಂತಹಂತವಾಗಿ ಕಡಿದು, ಎರಡು ಪುಟ್ಟ ಮಂಟಪಗಳನ್ನು ಇಟ್ಟು, ಸಣ್ಣ ಜಾಗವನ್ನು ದೊಡ್ಡದಾಗಿ ತೋರಿಸುವ ಚಾತುರ್ಯ ಅಲ್ಲಿದೆ.

ಹೈಡ್ ರಸ್ತೆಯ ಮೇಲೆ, ಕೇಬಲ್ ಕಾರು ಗಂಟೆ ಬಾರಿಸುತ್ತ ನಿಲ್ಲುವ ನೆತ್ತಿಯ ಇನ್ನೊಂದು ಬದಿಗೆ ಜಾರ್ಜ್ ಸ್ಟರ್ಲಿಂಗ್ ಪಾರ್ಕ್. ಇದೂ ಒಬ್ಬ ಕವಿಯ ಹೆಸರಿನದು. ಸೈಪ್ರೆಸ್ ಮತ್ತು ಪೈನ್ ಮರಗಳ ಸಂದಿನಿಂದ ಪಶ್ಚಿಮಕ್ಕೆ ಗೋಲ್ಡನ್ ಗೇಟ್ ಸೇತುವೆ ಕಾಣುತ್ತದೆ. ಪಕ್ಕದ ಟೆನಿಸ್ ಅಂಗಳಕ್ಕೆ 1939ರ ವಿಂಬಲ್ಡನ್ ವಿಜೇತೆ, ಇದೇ ಊರಿನಲ್ಲಿ ಆಟ ಕಲಿತ ಆಲಿಸ್ ಮಾರ್ಬಲ್‌ಳ ಹೆಸರು. ಆ ಅಂಗಳದ ಅಡಿಯಲ್ಲಿರುವುದು ನೀರಿನ ಸಂಗ್ರಹಾಗಾರ.

ಮಂಜು ಮತ್ತು ಗಿಳಿ

ಈ ಉದ್ಯಾನಗಳ ಸಸ್ಯಸಂಪತ್ತನ್ನು ಅರ್ಥಮಾಡಿಕೊಳ್ಳಲು ಇಲ್ಲಿನ ಮಂಜನ್ನು ಅರಿಯಬೇಕು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಒಳನಾಡು ಕಾದು ಅಲ್ಲಿನ ಗಾಳಿ ಮೇಲೇರುತ್ತದೆ. ಆ ತೆರವನ್ನು ತುಂಬಲು ತಣ್ಣನೆಯ ಸಾಗರದ ಮೇಲಿನ ತೇವದ ಗಾಳಿ ಗೋಲ್ಡನ್ ಗೇಟ್ ಎಂಬ ಕಿಂಡಿಯ ಮೂಲಕ ನುಗ್ಗುತ್ತದೆ. ಆದುದರಿಂದಲೇ ಜುಲೈ ತಿಂಗಳಿನಲ್ಲಿ ಹತ್ತಿಯ ಸೀರೆಯುಟ್ಟು ಬಂದವರು ನಡುಗುತ್ತಾರೆ. ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಒಂದು ಹನಿಯೂ ಅಪರೂಪ. ನಮ್ಮ ಮುಂಗಾರಿನ ಲೆಕ್ಕವನ್ನು ತಲೆಕೆಳಗು ಮಾಡಿದಂತಿರುವ ಈ ಹವೆಯಲ್ಲಿ, ಬೇಸಿಗೆಯ ಎಲೆಗಳಿಗೆ ಬಾಯಾರಿಕೆ ತಣಿಸುವುದು ಬಹುಪಾಲು ಮಂಜೇ.

ಮರಗಳಲ್ಲಿ ಅನೇಕವು ನಮ್ಮಂತೆಯೇ ಹೊರಗಿನಿಂದ ಬಂದವು. ನೀಲಗಿರಿ ಮರ ಆಸ್ಟ್ರೇಲಿಯಾದ್ದು. ಅದರ ಎಲೆ ಅರೆದಂತೆ ಬರುವ ವಾಸನೆ ಮೂಗಿಗೆ ಬಡಿದಾಗ ನನಗೆ ಥಟ್ಟನೆ ನೆನಪಾಗುವುದು ನಂದಿಬೆಟ್ಟ; ಟಿಪ್ಪುವಿನ ಕಾಲದಲ್ಲಿಯೇ ಅಲ್ಲಿಗೆ ಆ ಮರ ಬಂದಿತೆಂಬ ಪ್ರತೀತಿಯಿದೆಯಷ್ಟೆ. ಕಾಗದದ ಹೂವಿನ ಬಳ್ಳಿ ದಕ್ಷಿಣ ಅಮೆರಿಕಾದ್ದು. ಇನ್ನು ಕೆಂಪು ತಲೆಯ ಹಸಿರು ಗಿಳಿಗಳು! ಈಕ್ವೆಡಾರ್ ಮತ್ತು ಪೆರು ದೇಶಗಳ ಮೂಲದ ಈ ಹಕ್ಕಿಗಳು ಪಂಜರಗಳಿಂದ ತಪ್ಪಿಸಿಕೊಂಡು, ಟೆಲಿಗ್ರಾಫ್ ಹಿಲ್ ಮತ್ತು ಸುತ್ತಲ ಗುಡ್ಡಗಳ ಮರಗಳಲ್ಲಿ ಸಂಸಾರ ಹೂಡಿವೆ. ಸಾರ್ವಜನಿಕ ಉದ್ಯಾನಗಳಲ್ಲಿ ಅವುಗಳಿಗೆ ಆಹಾರ ಹಾಕುವುದನ್ನು 2007ರಲ್ಲಿ ನಗರಸಭೆ ನಿಷೇಧಿಸಿತು. 2023ರಲ್ಲಿ ಅದೇ ಸಭೆ ಅವನ್ನು ನಗರದ ಅಧಿಕೃತ ಪ್ರಾಣಿಯೆಂದು ಘೋಷಿಸಿತು. ಪರದೇಶದಿಂದ ಬಂದು, ಗಟ್ಟಿಯಾಗಿ ಮಾತನಾಡುತ್ತ, ಗುಂಪು ಗುಂಪಾಗಿ ತಿರುಗಿ, ಕೊನೆಗೆ ಊರಿನವರೇ ಆಗಿಬಿಟ್ಟ ಈ ಗಿಳಿಗಳನ್ನು ಕಂಡು ಅನಿವಾಸಿ ಕನ್ನಡಿಗರು ತಮ್ಮ ಸಂಘಗಳನ್ನು ನೆನೆದರೆ ಆಶ್ಚರ್ಯವಿಲ್ಲ.

ಬತ್ತಿದ ಕೆರೆಗೆ ಬಂದ ಬಾಳು

ಗುಡ್ಡದ ಉತ್ತರದ ಓರೆಯಲ್ಲಿರುವ ಫ್ರಾನ್ಸಿಸ್ಕೋ ಪಾರ್ಕಿನ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದು ನನ್ನ ಕಣ್ಣೆದುರಿಗೇ ನಡೆದದ್ದು. 1860ರ ಆಸುಪಾಸಿನಲ್ಲಿ, ಲೋಬೋಸ್ ಹಳ್ಳದ ನೀರನ್ನು ಮರದ ದೋಣಿಕಾಲುವೆಯ ಮೂಲಕ ತಂದು ಈ ಜಾಗದಲ್ಲಿ ಜಲಾಶಯವೊಂದನ್ನು ಕಟ್ಟಿದ್ದರು. 1940ರಲ್ಲಿ ಅದರ ಬಳಕೆ ನಿಂತುಹೋಯಿತು. ಅಂದಿನಿಂದ ಎಂಟು ದಶಕ ಆ ನೆಲ ತಂತಿಬೇಲಿಯ ಒಳಗೆ ಬತ್ತಿದ ಹೊಂಡವಾಗಿ, ಕಳೆ ಬೆಳೆದು ಬಿದ್ದಿತ್ತು. ನಾನು ಇಲ್ಲಿಗೆ ಬಂದ ಹೊಸತರಲ್ಲಿ ದಿನವೂ ಅದರ ಬೇಲಿಯ ಪಕ್ಕದಲ್ಲೇ ನಡೆದು ಬಸ್ಸು ಹಿಡಿಯುತ್ತಿದ್ದೆ. ಕೊಲ್ಲಿಯನ್ನೂ ಆಲ್ಕಟ್ರಾಜ್ ದ್ವೀಪವನ್ನೂ ನೇರವಾಗಿ ನೋಡುವ ಸುಮಾರು ನಾಲ್ಕೂವರೆ ಎಕರೆ ಜಾಗಕ್ಕೆ ಈ ಊರಿನಲ್ಲಿ ಎಂಥ ಬೆಲೆ ಬಂದೀತೆಂಬುದನ್ನು ಓದುಗರೇ ಊಹಿಸಬಹುದು.

ಆ ನೆಲ ನೀರು ಸರಬರಾಜು ಇಲಾಖೆಯದು. ನೀರಿನ ಶುಲ್ಕ ಕಟ್ಟುವವರ ಆಸ್ತಿಯಾದ್ದರಿಂದ ಅದನ್ನು ಪುಕ್ಕಟೆಯಾಗಿ ಕೊಡುವಂತಿರಲಿಲ್ಲ. ಉದ್ಯಾನ ಇಲಾಖೆ ಬೆಲೆ ತೆತ್ತು ಕೊಳ್ಳಬೇಕಾಯಿತು. 2014ರಲ್ಲಿ ಆ ಒಪ್ಪಂದವಾಯಿತು. ಉದ್ಯಾನವನ್ನು ಕಟ್ಟುವ ಹಣವನ್ನು ನೆರೆಹೊರೆಯವರು ಒಂದು ಸಂಸ್ಥೆಯಾಗಿ ಕೂಡಿಕೊಂಡು ದಾನಿಗಳಿಂದ ಸಂಗ್ರಹಿಸಿದರು. ಅದು ಎರಡು ಕೋಟಿ ಡಾಲರಿಗೂ ಮೀರಿದ ಮೊತ್ತ. ಎಷ್ಟೋ ಸಭೆಗಳು ನಡೆದವು: ನಾಯಿಗಳಿಗೆ ಎಷ್ಟು ಜಾಗ, ಮಕ್ಕಳಿಗೆ ಎಷ್ಟು ಜಾಗ, ಮರ ನೆಟ್ಟರೆ ಯಾರ ಮನೆಯ ನೋಟ ಮರೆಯಾಗುತ್ತದೆ ಎಂಬ ಜಗಳಗಳು. ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿಯಲ್ಲಿ ದುಡಿದವರಿಗೆ ಇಂಥ ಸಭೆಗಳ ಸ್ವರೂಪ ಹೊಸದಲ್ಲ. ಕೊನೆಗೆ 2022ರ ಏಪ್ರಿಲ್‌ನಲ್ಲಿ ಉದ್ಯಾನ ತೆರೆಯಿತು. ಹಳೆಯ ಜಲಾಶಯದ ಇಟ್ಟಿಗೆ ಗೋಡೆಯ ಭಾಗಗಳನ್ನು ಉಳಿಸಿಕೊಂಡಿದ್ದಾರೆ. ಮಳೆನೀರನ್ನು ಹಿಡಿದಿಟ್ಟು ಗಿಡಗಳಿಗೆ ಉಣಿಸುವ ಏರ್ಪಾಡಿದೆ. ಗಾಲಿಕುರ್ಚಿಯಲ್ಲಿ ಕುಳಿತವರೂ ಗುಡ್ಡವನ್ನು ಏರುವಂತೆ ದಾರಿಯನ್ನು ಬಳಸಿ ಬಳಸಿ ಹಾಯಿಸಿದ್ದಾರೆ. ಜೊತೆಗೆ, ತರಕಾರಿ ಬೆಳೆಯಲು ಸಮುದಾಯದ ಮಡಿಗಳೂ ಇವೆ.

ಈ ಕಥೆಯನ್ನು ಕೇಳುವಾಗ ಬೆಂಗಳೂರಿನವನಾದ ನನ್ನ ಮನಸ್ಸು ಎರಡು ಹೆಸರುಗಳ ಕಡೆ ಹೋಗುತ್ತದೆ: ಧರ್ಮಾಂಬುಧಿ ಮತ್ತು ಸಂಪಂಗಿ. ಮೊದಲನೆಯ ಕೆರೆ ಬತ್ತಿ ಮೆಜೆಸ್ಟಿಕ್ಕಿನ ಬಸ್ಸು ನಿಲ್ದಾಣವಾಯಿತು. ಎರಡನೆಯದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಬಸ್ಸು ನಿಲ್ದಾಣವೂ ಬೇಕು, ಕ್ರೀಡಾಂಗಣವೂ ಬೇಕು. ಆ ಕಾಲದ ಅಗತ್ಯಗಳನ್ನು ಇಲ್ಲಿ ಕುಳಿತು ಹಳಿಯುವುದು ಸಲ್ಲದು. ಅದೇ ಬೆಂಗಳೂರು ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್‌ಗಳನ್ನು ಉಳಿಸಿಕೊಂಡಿದೆ, ಅದಕ್ಕಾಗಿ 1975ರಲ್ಲಿ ಕಾನೂನನ್ನೇ ಮಾಡಿಕೊಂಡಿದೆ ಎಂಬುದನ್ನೂ ಮರೆಯಬಾರದು. ಕಬ್ಬನ್ ಪಾರ್ಕ್ ಹುಟ್ಟಿದ್ದೂ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕ್ ಹುಟ್ಟಿದ್ದೂ 1870ರಲ್ಲಿಯೇ. 2009ರಿಂದ ಈ ಎರಡು ಊರುಗಳು ಸೋದರ ನಗರಗಳೂ ಹೌದು. ಸೋದರರು ಒಬ್ಬರಿಂದೊಬ್ಬರು ಕಲಿಯಬೇಕಾದ್ದು ಇದ್ದೇ ಇರುತ್ತದೆ. ನೀರು ಬತ್ತಿದ ಜಾಗವೂ ಸಾರ್ವಜನಿಕರದ್ದಾಗಿಯೇ ಉಳಿಯಬಲ್ಲದು ಎಂಬ ಪಾಠವನ್ನು ನಾನು ಈ ಗುಡ್ಡದ ಬೇಲಿಯ ಪಕ್ಕದಲ್ಲಿ ಕಲಿತೆ.

ಅಮ್ಮನ ಕೊತ್ತಂಬರಿ ಮಡಿ

ಇಲ್ಲಿ ಒಂದು ಸ್ವಂತದ ಮಾತು. ನನ್ನ ತಾಯಿ ಬಸವನಗುಡಿಯವರು. ಕಹಳೆ ಬಂಡೆಯ ಪಾರ್ಕಿನಲ್ಲಿ ಸಂಜೆಯ ತಿರುಗಾಟ, ಗಾಂಧಿ ಬಜಾರಿನಲ್ಲಿ ಹೂವು ತರಕಾರಿ, ದಾರಿಯಲ್ಲಿ ಹತ್ತು ಜನರ ಮಾತುಕತೆ. ಇದು ಅವರ ದಿನಚರಿ. ಇಲ್ಲಿಗೆ ಆರು ತಿಂಗಳಿಗೆಂದು ಬಂದ ಎಷ್ಟೋ ತಂದೆತಾಯಿಯರು ಉಪನಗರದ ದೊಡ್ಡ ಮನೆಗಳಲ್ಲಿ, ಮಕ್ಕಳು ಕೆಲಸಕ್ಕೆ ಹೋದ ಮೇಲೆ, ಗೋಡೆ ನೋಡುತ್ತ ದಿನ ಕಳೆಯುವುದನ್ನು ನಾವೆಲ್ಲರೂ ಬಲ್ಲೆವು. ಕಾರು ಓಡಿಸಲು ಬಾರದವರಿಗೆ ಅಲ್ಲಿ ಕಾಲಿದ್ದೂ ಇಲ್ಲದಂತೆ. ಮನೆ ಎಷ್ಟು ಸುಖಕರವಾಗಿದ್ದರೇನು, ಮೂರನೆಯ ವಾರಕ್ಕೆ ಟಿಕೆಟ್ಟಿನ ತಾರೀಖು ಕೇಳಲಾರಂಭಿಸುತ್ತಾರೆ.

ಅಮ್ಮನಿಗೆ ಆಗ ಎಪ್ಪತ್ತನಾಲ್ಕು. ಈ ಏರಿನಲ್ಲಿ ಅವರ ಮಂಡಿ ನಡೆಯುವುದೇ ಎಂದು ನನಗೆ ಅಳುಕಿತ್ತು. ಆದರೆ ಮೆಟ್ಟಿಲುತೋಟಗಳ ಗುಟ್ಟನ್ನು ಅವರು ಎರಡೇ ದಿನದಲ್ಲಿ ಕಂಡುಕೊಂಡರು: ಇಪ್ಪತ್ತು ಮೆಟ್ಟಿಲು, ಒಂದು ಬೆಂಚು, ಮತ್ತೆ ಇಪ್ಪತ್ತು ಮೆಟ್ಟಿಲು. "ನಮ್ಮ ಚಾಮುಂಡಿಬೆಟ್ಟ ಹತ್ತಿದ ಹಾಗೇ ಕಣೋ, ಅವಸರ ಮಾಡಬಾರದು ಅಷ್ಟೆ" ಎಂದರು. ಬಡಾವಣೆಯ ಸಮುದಾಯ ತೋಟವೊಂದರಲ್ಲಿ ಬಹಳ ಕಾಲ ಸರದಿ ಕಾದು ನನಗೆ ದೊರೆತಿದ್ದ ಪುಟ್ಟ ಮಡಿಯನ್ನು ಅವರು ವಹಿಸಿಕೊಂಡರು. ಈ ಮಂಜಿನ ಹವೆಗೆ ಬದನೆ, ಹೀರೆ ಬರುವುದಿಲ್ಲ. ಕೊತ್ತಂಬರಿ, ಮೆಂತ್ಯ ಮಾತ್ರ ಸೊಗಸಾಗಿ ಬರುತ್ತವೆ ಎಂಬುದನ್ನು ಕಂಡುಹಿಡಿದವರೂ ಅವರೇ. ಪಕ್ಕದ ಮಡಿಯ ಯಜಮಾನರು ಚೀನಾ ಮೂಲದ ಒಬ್ಬ ವೃದ್ಧರು. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಚೀನೀ ಭಾಷೆ ಬಾರದು, ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಬೀಜಗಳ ವಿನಿಮಯ ನಡೆಯಿತು. ಬಸವನ ಹುಳುವನ್ನು ಆರಿಸಿ ತೆಗೆಯುವ ಎರಡು ದೇಶಗಳ ವಿಧಾನಗಳ ವಿನಿಮಯವೂ ನಡೆಯಿತು. ಆರು ತಿಂಗಳು ಮುಗಿದಾಗ ಟಿಕೆಟ್ಟಿನ ತಾರೀಖನ್ನು ನೆನಪಿಸಬೇಕಾದವನು ನಾನೇ ಆದೆ.

2021ರ ಮೇ ತಿಂಗಳಿನಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಅಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು. ಪ್ರಯಾಣ ಸಾಧ್ಯವಾಗಲಿಲ್ಲ. ಕ್ರಿಯೆಗಳೆಲ್ಲ ತಮ್ಮನ ಕೈಯಿಂದ ನಡೆದವು. ನಾನು ದೂರವಾಣಿಯ ಪರದೆಯಲ್ಲಿ ನೋಡಿದೆ. ಇಂಥ ನೋವನ್ನು ಉಂಡವರು ಈ ಸಮ್ಮೇಳನದ ಸಭಾಂಗಣದಲ್ಲಿಯೇ ಅನೇಕರಿರುವರು. ಅದನ್ನು ಬೆಳೆಸಿ ಹೇಳಬೇಕಿಲ್ಲ. ಮರುದಿನ ತೋಟಕ್ಕೆ ಹೋದಾಗ ಪಕ್ಕದ ಮಡಿಯ ಹಿರಿಯರು ಕೈಸನ್ನೆಯಿಂದ, ತಾಯಿ ಮತ್ತೆ ಯಾವಾಗ ಬರುವರೆಂದು ಕೇಳಿದರು. ನನ್ನ ಮುಖ ನೋಡಿ ಅವರಿಗೆ ತಿಳಿಯಿತು. ಕಳೆಗುದ್ದಲಿಯನ್ನು ಕೆಳಗಿಟ್ಟು, ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತರು. ಆ ದಿನ ನನ್ನ ಅಮ್ಮನನ್ನು ಹೆಸರು ಹಿಡಿಯದಿದ್ದರೂ ಮುಖದಿಂದ ಬಲ್ಲವರು ಈ ಊರಿನಲ್ಲಿ ಒಬ್ಬರಿದ್ದರು. ಅದಕ್ಕೆ ಕಾರಣ ಒಂದು ಸಾರ್ವಜನಿಕ ತೋಟ.

ನಮ್ಮ ಪಾಲಿನ ಕೆಲಸ

ಪ್ರತಿಯೊಬ್ಬ ನಿವಾಸಿಗೂ ಹತ್ತು ನಿಮಿಷದ ನಡಿಗೆಯ ಅಂತರದಲ್ಲಿ ಉದ್ಯಾನವಿರುವ ಅಮೆರಿಕಾದ ಮೊದಲ ನಗರ ಸ್ಯಾನ್ ಫ್ರಾನ್ಸಿಸ್ಕೋ ಎಂದು 2017ರಲ್ಲಿ 'ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್' ಸಂಸ್ಥೆ ಸಾರಿತು. ಇದು ತಾನಾಗಿ ಒದಗಿದ್ದಲ್ಲ. ಎದುರಿನ ಟೆಲಿಗ್ರಾಫ್ ಹಿಲ್ಲಿನ ಫಿಲ್ಬರ್ಟ್ ಮೆಟ್ಟಿಲುಗಳ ಪಕ್ಕದಲ್ಲಿ ಜನ ಕಸ ಸುರಿಯುತ್ತಿದ್ದ ಇಳಿಜಾರನ್ನು ಗ್ರೇಸ್ ಮರ್ಚೆಂಟ್ ಎಂಬ ಮಹಿಳೆ 1950ರ ಆಸುಪಾಸಿನಲ್ಲಿ ಶುಚಿಗೊಳಿಸಲು ತೊಡಗಿ, 1982ರಲ್ಲಿ ಸಾಯುವವರೆಗೂ ತೋಟ ಮಾಡಿದಳು. ಆಕೆಯ ನಂತರ ಆ ನೆಲಕ್ಕೆ ಕಟ್ಟಡದ ಭಯ ಬಂದಾಗ, ಊರಿನ ಜನ ಚದರ ಅಂಗುಲಗಳ ಲೆಕ್ಕದಲ್ಲಿ ಚಂದಾ ಕೂಡಿಸಿ ಅದನ್ನು ಉಳಿಸಿಕೊಂಡರು. ಆ ತೋಟವನ್ನು ನೋಡಿಕೊಳ್ಳುವವರು ಇಂದಿಗೂ ನೆರೆಹೊರೆಯವರೇ.

ನಾವು ಕನ್ನಡಿಗರು ಪರದೇಶದಲ್ಲಿ ದೇವಾಲಯಗಳನ್ನು ಕಟ್ಟಿದ್ದೇವೆ. ಶನಿವಾರ ಭಾನುವಾರಗಳ ಕನ್ನಡ ಶಾಲೆಗಳನ್ನು ನಡೆಸಿದ್ದೇವೆ. ಎರಡು ವರ್ಷಕ್ಕೊಮ್ಮೆ ಇಂಥ ಬೃಹತ್ ಸಮ್ಮೇಳನಗಳನ್ನು ನೆರವೇರಿಸುತ್ತಿದ್ದೇವೆ. ಈ ಶ್ರಮದಾನದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಆದರೆ ಅದೆಲ್ಲವೂ ಬಹುಮಟ್ಟಿಗೆ ನಾವು ನಮಗಾಗಿ ಮಾಡಿಕೊಂಡದ್ದು. ನಾವು ದಿನವೂ ನಡೆಯುವ ಪಾರ್ಕಿನಲ್ಲಿ, ನಮ್ಮ ಮಕ್ಕಳು ಉಯ್ಯಾಲೆಯಾಡುವ ಅಂಗಳದಲ್ಲಿ, ನಮ್ಮ ತಂದೆತಾಯಿಯರು ಕುಳಿತು ದಣಿವಾರಿಸಿಕೊಳ್ಳುವ ಬೆಂಚಿನ ಸುತ್ತ ಕಳೆ ಕೀಳುವ ಗುಂಪಿನಲ್ಲಿ ನಮ್ಮ ಮುಖಗಳು ವಿರಳ. ಬಹುತೇಕ ಊರುಗಳ ಉದ್ಯಾನ ಇಲಾಖೆಗಳು ವಾರಾಂತ್ಯದ ಸ್ವಯಂಸೇವಕರನ್ನು ಆದರದಿಂದ ಬರಮಾಡಿಕೊಳ್ಳುತ್ತವೆ. ಗುದ್ದಲಿ, ಕೈಗವಸುಗಳನ್ನು ಅವರೇ ಕೊಡುತ್ತಾರೆ. ಯುಗಾದಿ, ರಾಜ್ಯೋತ್ಸವಗಳ ಜೊತೆಗೆ ವರ್ಷದಲ್ಲಿ ಒಂದು ಶನಿವಾರವನ್ನು ಪ್ರತಿ ಕನ್ನಡ ಕೂಟವೂ ತನ್ನ ಊರಿನ ಒಂದು ಉದ್ಯಾನಕ್ಕೆ ಮೀಸಲಿಟ್ಟರೆ, ವೆಚ್ಚ ಹೆಚ್ಚೆಂದರೆ ಒಂದು ಪಾತ್ರೆ ಬಿಸಿಬೇಳೆಭಾತು. ನಮ್ಮ ಹಿರಿಯರಿಗೂ ಮಕ್ಕಳಿಗೂ ಒಟ್ಟಿಗೆ 'ಇದು ನಮ್ಮ ಊರು' ಎನಿಸಲು ಇದಕ್ಕಿಂತ ಸುಲಭವಾದ ಉಪಾಯ ನನಗಂತೂ ತಿಳಿಯದು.

ಪ್ರತಿನಿಧಿಗಳಲ್ಲಿ ಯಾರಾದರೂ ಸ್ಯಾನ್ ಫ್ರಾನ್ಸಿಸ್ಕೋಗೆ ಬರುವವರಿದ್ದರೆ ಕೆಲವು ಸೂಚನೆಗಳು. ಕಾರನ್ನು ಗುಡ್ಡದ ಕೆಳಗೇ ಬಿಟ್ಟುಬನ್ನಿ. ಮೇಲೆ ನಿಲ್ಲಿಸಲು ಜಾಗ ಸಿಗುವುದಿಲ್ಲ. ಪವೆಲ್–ಹೈಡ್ ಮಾರ್ಗದ ಕೇಬಲ್ ಕಾರು ನಿಮ್ಮನ್ನು ನೆತ್ತಿಗೇ ತಂದಿಳಿಸುತ್ತದೆ. ಚಪ್ಪಲಿಗಿಂತ ಬೂಟು ಮೇಲು, ಜುಲೈ ಆದರೂ ಸ್ವೆಟರು ಬೇಕೇ ಬೇಕು. ಮಂಡಿನೋವಿನ ಹಿರಿಯರಿದ್ದರೆ ಸ್ಟರ್ಲಿಂಗ್ ಪಾರ್ಕಿನಿಂದ ಆರಂಭಿಸಿ ಫ್ರಾನ್ಸಿಸ್ಕೋ ಪಾರ್ಕಿನ ಬಳಸುದಾರಿಯಲ್ಲಿ ನಿಧಾನವಾಗಿ ಕೆಳಗಿಳಿಯುವುದು ಉತ್ತಮ. ಇಳಿದರೆ ಕೊಲ್ಲಿಯ ದಂಡೆ ಹತ್ತಿರ. ಮೊಸರನ್ನದ ಡಬ್ಬಿಯನ್ನು ಮರೆಯಬೇಡಿ. ಅದನ್ನು ಬಿಚ್ಚಲು ಐನಾ ಕೂಲ್‌ಬ್ರಿತ್ ಪಾರ್ಕಿನ ಮೇಲಿನ ಬೆಂಚು ಬಹಳ ಪ್ರಶಸ್ತ. ಗಿಳಿಗಳು ಎಷ್ಟೇ ಕೇಳಿದರೂ ಅವಕ್ಕೆ ಕೊಡುವಂತಿಲ್ಲ!